ಒಂದು ಹಲ್ಲಿನ ತಪ್ಪು: ಟೈಮಿಂಗ್ ಬೆಲ್ಟು ನಡೆದು ಬಂದ ದಾರಿ

ಬೀಜ, ಗೊಬ್ಬರ, ದನಕರುಗಳ ವಿಚಾರ ಕೇಳಿ ಅಭ್ಯಾಸವಾದ ನಿಮಗೆ ಇವತ್ತು ಬೇರೆ ಒಂದು ವಿಚಾರ ಹೇಳೋಣ ಎಂದುಕೊಂಡಿದ್ದೇನೆ. ಮನೆ ಮುಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಎಷ್ಟೋ ಮನೆಗಳಲ್ಲಿ ಒಂದು ಹಳೆಯ ಕಾರೋ ವ್ಯಾನೋ ನಿಂತಿರುತ್ತದೆ. ಮಂಡಿಗೆ ಮಾಲು ಹೊರುವುದೂ ಅದೇ, ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಓಡುವುದೂ ಅದೇ. ಎತ್ತಿನ ಗೊರಸು ನೋಡಿಕೊಳ್ಳುವುದು ನಮಗೆ ಗೊತ್ತು. ಆದರೆ ಈ ಗಾಡಿಯ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಪೂರ್ತಿಯಾಗಿ ಪೇಟೆಯವರ ಕೈಗೆ ಬಿಟ್ಟುಬಿಟ್ಟಿದ್ದೇವೆ. ಅದರಿಂದ ಆಗುವ ನಷ್ಟ ಎಷ್ಟು ಎಂಬುದಕ್ಕೆ ನಮ್ಮ ಮನೆಯದೇ ಒಂದು ಪ್ರಸಂಗ ಹೇಳುತ್ತೇನೆ, ಕೇಳಿ.

ನಮ್ಮ ಅಕ್ಕನ ಮನೆ ಕೋಲಾರದ ಕಡೆ. ಭಾವನವರಿಗೆ ಒಂದೂವರೆ ಎಕರೆ ಟೊಮ್ಯಾಟೊ, ಜೊತೆಗೆ ಒಂದು ಹಳೆಯ ಪೆಟ್ರೋಲ್ ವ್ಯಾನು. ಅದರ ಟೈಮಿಂಗ್ ಬೆಲ್ಟು ಹಳೆಯದಾಗಿದೆ, ಯಾವತ್ತು ತುಂಡಾಗುತ್ತದೋ ಹೇಳುವುದಕ್ಕಾಗದು ಎಂದು ಯಾರೋ ಹೇಳಿದರು. ಮಾತು ಸರಿಯೇ. ಭಾವನವರು ಪೇಟೆಯ ಒಂದು ಗ್ಯಾರೇಜಿಗೆ ಹೋಗಿ ಹೊಸ ಬೆಲ್ಟು ಹಾಕಿಸಿದರು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ಬೆಳಗ್ಗೆ ಸೆಲ್ಫ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿದ್ದ ಗಾಡಿ ನಾಲ್ಕು ಸಲ ಹೊಡೆದರೂ ಗೊಣಗುವುದು. ಸಮ ರಸ್ತೆಯಲ್ಲಿ ಹೇಗೋ ಓಡುವುದು, ಏರು ಬಂದರೆ ಉಸಿರು ಕಟ್ಟಿದ ಹಾಗೆ ನಿಲ್ಲುವುದು. ಕಾರ್ಬುರೇಟರಿನಲ್ಲಿ ಆಗಾಗ 'ಪಟ್' ಎಂದು ಸದ್ದು.

ಮತ್ತೆ ಅದೇ ಗ್ಯಾರೇಜು. ಒಂದು ದಿನ ಕಾರ್ಬುರೇಟರ್ ತೊಳೆದರು. ಇನ್ನೊಂದು ದಿನ ಪ್ಲಗ್ಗು ಬದಲಾಯಿಸಿದರು. ಮೂರನೆಯ ದಿನ ಡಿಸ್ಟ್ರಿಬ್ಯೂಟರನ್ನು ಅತ್ತಿತ್ತ ತಿರುಗಿಸಿ 'ಇನ್ನು ಸರಿಹೋಯ್ತು' ಅಂದರು. ನಾಲ್ಕನೆಯ ದಿನ ನಸುಕಿನಲ್ಲಿ ಇಪ್ಪತ್ತು ಬಾಕ್ಸು ಟೊಮ್ಯಾಟೊ ಹೇರಿಕೊಂಡು ಹೊರಟ ವ್ಯಾನು ಕೆರೆ ಏರಿಯ ಮೇಲೆ ನಿಂತೇಬಿಟ್ಟಿತು. ಬೇರೆ ಗಾಡಿ ಹಿಡಿದು ಮಂಡಿ ಸೇರುವ ಹೊತ್ತಿಗೆ ಹರಾಜು ಮುಗಿದಿತ್ತು. ಸಿಕ್ಕಿದ ಬೆಲೆಗೆ ಕೊಟ್ಟು ಬಂದರು.

ಆ ದಿನ ಅಕ್ಕ ಒಂದು ಮಾತು ಕೇಳಿದಳು: 'ಬೆಲ್ಟು ಹಾಕಿಸೋ ಮುಂಚೆ ಚೆನ್ನಾಗೇ ಓಡ್ತಿತ್ತಲ್ಲ? ಹಾಕಿಸಿದ ಮೇಲೆ ತಾನೇ ಕೆಟ್ಟಿದ್ದು? ಹಂಗಾದ್ರೆ ಅಲ್ಲೇ ಯಾಕೆ ನೋಡ್ಬಾರ್ದು?' ಮನೆಯಲ್ಲಿ ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಗಾಡಿ ವಿಷಯ ಹೆಂಗಸರಿಗೇನು ಗೊತ್ತು ಎಂಬ ಭಾವನೆ! ಆಕೆಯ ಮಾತೇ ಸರಿ ಎಂದು ಕೊನೆಗೆ ಗೊತ್ತಾಯಿತು. ಹೇಗೆ ಎಂದು ತಿಳಿಯಬೇಕಾದರೆ ಈ ಟೈಮಿಂಗ್ ಎಂಬುದು ಏನು, ಅದು ಎಲ್ಲಿಂದ ಬಂತು ಎಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

೧೮೭೬ರಲ್ಲಿ ಜರ್ಮನಿಯ ನಿಕೊಲಾಸ್ ಒಟ್ಟೊ ಎಂಬಾತ ನಾಲ್ಕು ಹೊಡೆತದ ಎಂಜಿನನ್ನು ಕೆಲಸಕ್ಕೆ ತಂದ. ಇಂದು ನಿಮ್ಮ ಕಾರು, ಟ್ರ್ಯಾಕ್ಟರು, ಡೀಸೆಲ್ ಪಂಪುಸೆಟ್ಟು ಎಲ್ಲವೂ ನಡೆಯುವುದು ಆ ನಾಲ್ಕು ಹೊಡೆತದ ಮೇಲೆಯೇ. ಪಿಸ್ಟನ್ನು ಕೆಳಗೆ ಇಳಿದು ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಮೇಲೆ ಬಂದು ಅದನ್ನು ಒತ್ತುತ್ತದೆ. ಉರಿ ಹತ್ತಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ನು ಮತ್ತೆ ಮೇಲೆ ಬಂದು ಹೊಗೆಯನ್ನು ಹೊರಕ್ಕೆ ದೂಡುತ್ತದೆ. ಎಳೆ, ಒತ್ತು, ಉರಿ, ಹೊರದೂಡು. ಇಷ್ಟೇ.

ಗಾಳಿ ಒಳಗೆ ಬರುವುದಕ್ಕೆ ಒಂದು ಬಾಗಿಲು, ಹೊಗೆ ಹೊರಗೆ ಹೋಗುವುದಕ್ಕೆ ಒಂದು ಬಾಗಿಲು. ಇವೇ ವಾಲ್ವುಗಳು. ಸರಿಯಾದ ಗಳಿಗೆಯಲ್ಲಿ ಬಾಗಿಲು ತೆರೆಯಬೇಕು, ಸರಿಯಾದ ಗಳಿಗೆಯಲ್ಲಿ ಮುಚ್ಚಬೇಕು. ಒತ್ತುವ ಹೊತ್ತಿನಲ್ಲಿ ಬಾಗಿಲು ಇನ್ನೂ ತೆರೆದೇ ಇದ್ದರೆ ಏನಾದೀತು? ತಳ ಒಡೆದ ಕೊಡಕ್ಕೆ ನೀರು ಸೇದಿದ ಹಾಗೆ. ಈ ಬಾಗಿಲುಗಳನ್ನು ತೆರೆಯುವುದು ಕ್ಯಾಮ್ ಶಾಫ್ಟು, ಅಂದರೆ ಉಬ್ಬುಗಳುಳ್ಳ ಒಂದು ಕಂಬಿ. ಪಿಸ್ಟನ್ನುಗಳ ಓಡಾಟವನ್ನು ತಿರುಗಾಟವನ್ನಾಗಿ ಮಾಡುವುದು ಕೆಳಗಿರುವ ಕ್ರ್ಯಾಂಕು. ನಾಲ್ಕು ಹೊಡೆತ ಮುಗಿಯುವುದಕ್ಕೆ ಕ್ರ್ಯಾಂಕು ಎರಡು ಸುತ್ತು ಬರುತ್ತದೆ. ಅಷ್ಟರಲ್ಲಿ ಪ್ರತಿಯೊಂದು ಬಾಗಿಲೂ ಒಂದೇ ಸಲ ತೆರೆಯಬೇಕು. ಆದ್ದರಿಂದ ಕ್ರ್ಯಾಂಕು ಎರಡು ಸುತ್ತು ಬಂದರೆ ಕ್ಯಾಮು ಒಂದೇ ಸುತ್ತು ಬರಬೇಕು. ಕೆಳಗಿನ ಚಕ್ರಕ್ಕೆ ೨೦ ಹಲ್ಲು ಇದ್ದರೆ ಮೇಲಿನದಕ್ಕೆ ೪೦. ಈ ಲೆಕ್ಕವನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಈ ಎರಡನ್ನೂ ಜೋಡೆತ್ತಿನಂತೆ ಹೆಜ್ಜೆ ತಪ್ಪದೆ ನಡೆಸುವುದು ಹೇಗೆ? ಟೈಮಿಂಗ್ ಎಂಬುದರ ಚರಿತ್ರೆಯೆಲ್ಲಾ ಈ ಒಂದು ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆ.

ಮೊದಲ ಉತ್ತರ ಹಲ್ಲಿನ ಗಾಲಿ, ಅಂದರೆ ಗೇರು. ಕ್ರ್ಯಾಂಕಿನ ಗಾಲಿಯ ಹಲ್ಲಿಗೆ ಕ್ಯಾಮಿನ ಗಾಲಿಯ ಹಲ್ಲು ನೇರವಾಗಿ ಕಚ್ಚಿಕೊಳ್ಳುವುದು. ೧೯೦೮ರಲ್ಲಿ ಅಮೆರಿಕದಲ್ಲಿ ಹೊರಟ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿಯೂ ಹೀಗೆಯೇ ಇತ್ತು. ಇವತ್ತಿಗೂ ಟ್ರ್ಯಾಕ್ಟರುಗಳಲ್ಲಿ, ಹೊಲದ ಡೀಸೆಲ್ ಎಂಜಿನುಗಳಲ್ಲಿ ಗೇರು ಇರುವುದೇ ಹೆಚ್ಚು. ಗಟ್ಟಿಮುಟ್ಟು, ಜಾರುವ ಮಾತೇ ಇಲ್ಲ. ಆದರೆ ಸದ್ದು ಜಾಸ್ತಿ, ಕ್ರ್ಯಾಂಕಿಗೂ ಕ್ಯಾಮಿಗೂ ಹತ್ತಿರದ ನಂಟೂ ಇರಬೇಕು. ಗೇರನ್ನು ಬಿಚ್ಚಿ ಮತ್ತೆ ಕೂರಿಸುವವರಿಗೆ ಲೆಕ್ಕ ತಪ್ಪಬಾರದೆಂದು ಹಲ್ಲುಗಳ ಮೇಲೆ ಚುಕ್ಕೆ ಹೊಡೆದಿಡುವ ಪದ್ಧತಿ ಬಂತು. ಈ ಚುಕ್ಕೆಯ ಎದುರಿಗೆ ಆ ಚುಕ್ಕೆ. ನಾವು ಇಂದು 'ಟೈಮಿಂಗ್ ಮಾರ್ಕು' ಎನ್ನುವುದು ಇದನ್ನೇ.

ಎರಡನೆಯ ಉತ್ತರ ಚೈನು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ ಎಂಬಾತ ೧೮೮೦ರಲ್ಲಿ ಉರುಳೆಗಳುಳ್ಳ ಚೈನನ್ನೂ ೧೮೯೫ರಲ್ಲಿ ಸದ್ದು ಕಡಿಮೆ ಮಾಡುವ ಚೈನನ್ನೂ ಮಾಡಿದ. ಸೈಕಲ್ಲಿನ ಚೈನು ಬಲ್ಲವರಿಗೆ ಇದು ಹೊಸದಲ್ಲ. ನಮ್ಮ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಿಡರ್ ಮತ್ತು ಫಿಯೆಟ್ ೧೧೦೦ ಕಾರುಗಳಲ್ಲಿ ಇದ್ದದ್ದು ಚೈನೇ. ಚೈನಿಗೆ ಒಂದು ಒಳ್ಳೆಯ ಗುಣವುಂಟು. ಸವೆದು ಉದ್ದವಾದಾಗ ಅದು 'ಗಲಗಲ' ಎಂದು ಕೂಗಿ ಹೇಳುತ್ತದೆ. ನಮ್ಮ ಹಳೆಯ ಮೇಸ್ತ್ರಿಗಳು ಬಾನೆಟ್ಟು ತೆರೆಯದೆಯೇ ಆ ಸದ್ದು ಹಿಡಿದು ಕಾಯಿಲೆ ಹೇಳುತ್ತಿದ್ದರು.

ಆದರೆ ಎಂಜಿನುಗಳ ವೇಗ ಹೆಚ್ಚುತ್ತಾ ಹೋದ ಹಾಗೆ ಕ್ಯಾಮ್ ಶಾಫ್ಟು ಕ್ರ್ಯಾಂಕಿನ ಪಕ್ಕವನ್ನು ಬಿಟ್ಟು ಎಂಜಿನಿನ ತಲೆಯ ಮೇಲಕ್ಕೆ ಹೋಯಿತು. ವಾಲ್ವಿನ ಹತ್ತಿರವೇ ಕ್ಯಾಮು ಇದ್ದರೆ ನಡುವೆ ಉದ್ದುದ್ದ ಕಡ್ಡಿಗಳ ಕಾಟವಿಲ್ಲ. ಆಗ ಇವೆರಡರ ನಡುವಿನ ದೂರ ಬೆಳೆಯಿತು. ಚೈನು ಉದ್ದವಾಗಬೇಕು, ಅದಕ್ಕೆ ಎಣ್ಣೆ ಬೇಕು, ಎಣ್ಣೆ ಸೋರದ ಮುಚ್ಚಳ ಬೇಕು. ಖರ್ಚೂ ಹೆಚ್ಚು, ಸದ್ದೂ ಹೆಚ್ಚು.

ಮೂರನೆಯ ಉತ್ತರ ಬಂದದ್ದು, ತಾಯಂದಿರೇ, ನಿಮ್ಮ ಹೊಲಿಗೆ ಯಂತ್ರದ ಕಡೆಯಿಂದ! ಹೊಲಿಗೆ ಯಂತ್ರದಲ್ಲಿ ಮೇಲಿನಿಂದ ಸೂಜಿ ದಾರ ತೆಗೆದುಕೊಂಡು ಇಳಿಯುತ್ತದೆ. ಅದೇ ಗಳಿಗೆಗೆ ಕೆಳಗಿನ ಕೊಕ್ಕೆ ಬಂದು ದಾರದ ಕುಣಿಕೆಯನ್ನು ಹಿಡಿಯಬೇಕು. ಕೊಕ್ಕೆ ಚೂರು ತಡವಾಗಿ ಬಂದರೂ ಹೊಲಿಗೆ ತಪ್ಪುತ್ತದೆ. ಮೇಲಿನದಕ್ಕೂ ಕೆಳಗಿನದಕ್ಕೂ ಹೆಜ್ಜೆ ಕೂಡಿಸುವ ಕೆಲಸಕ್ಕಾಗಿ ೧೯೪೦ರ ದಶಕದಲ್ಲಿ ಅಮೆರಿಕದಲ್ಲಿ, ಸಿಂಗರ್ ಹೊಲಿಗೆ ಯಂತ್ರಕ್ಕೆಂದು, ಹಲ್ಲುಳ್ಳ ರಬ್ಬರ್ ಬೆಲ್ಟು ಬಂತು. ಹಿಟ್ಟಿನ ಗಿರಣಿಯ ಚಪ್ಪಟೆ ಬೆಲ್ಟು ನೀವು ನೋಡಿದ್ದೀರಿ. ಅದು ಸ್ವಲ್ಪ ಜಾರಿದರೆ ಹಿಟ್ಟು ತಡವಾಗುತ್ತದೆ, ಅಷ್ಟೆ. ಹಲ್ಲಿನ ಬೆಲ್ಟು ಹಾಗಲ್ಲ. ಅದರ ಹಲ್ಲು ಚಕ್ರದ ಹಲ್ಲಿನ ಸಂದಿಯಲ್ಲಿ ಕೂತುಕೊಳ್ಳುತ್ತದೆ, ಜಾರುವಂತಿಲ್ಲ. ಒಳಗೆ ಗಟ್ಟಿ ನೂಲಿನ ಎಳೆಗಳಿರುವುದರಿಂದ ಹಿಗ್ಗುವಂತಿಲ್ಲ. ಎಣ್ಣೆಯೂ ಬೇಡ, ಸದ್ದೂ ಇಲ್ಲ.

ಇದನ್ನು ಮೋಟಾರಿಗೆ ತಂದವರಲ್ಲಿ ಮೊದಲಿಗರು ಪಂದ್ಯದ ಕಾರಿನವರು. ಅಮೆರಿಕದ ಬಿಲ್ ಡೆವಿನ್ ಎಂಬಾತ ೧೯೫೦ರ ದಶಕದ ನಡುವೆ ಫ್ರಾನ್ಸಿನ ಪ್ಯಾನ್‌ಹಾರ್ಡ್ ಎಂಜಿನಿಗೆ ಇಂಥ ಬೆಲ್ಟು ಹಾಕಿ ಓಡಿಸಿದ. ೧೯೫೬ರಲ್ಲಿ ಆ ಕಾರು ಆ ದೇಶದ ಒಂದು ರಾಷ್ಟ್ರೀಯ ಪಂದ್ಯಾವಳಿಯನ್ನೂ ಗೆದ್ದಿತು. ಆದರೆ ಪಂದ್ಯದ ಕಾರು ಬೇರೆ, ಸಂಸಾರಸ್ಥರ ಕಾರು ಬೇರೆ. ಸಾವಿರಾರು ಮನೆಗಳಿಗೆ ಮಾರುವ ಕಾರಿಗೆ ರಬ್ಬರಿನ ಬೆಲ್ಟು ಹಾಕುವ ಧೈರ್ಯ ಮೊದಲು ಮಾಡಿದ್ದು ಯಾರು ಗೊತ್ತೇ? ಬಿತ್ತನೆ ಕೂರಿಗೆ ಮಾಡುತ್ತಿದ್ದ ಒಂದು ಮನೆತನ!

ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ, ಈಸಾರ್ ನದಿಯ ದಂಡೆಯಲ್ಲಿ ಡಿಂಗೊಲ್ಫಿಂಗ್ ಎಂಬ ಊರಿದೆ. ಅಲ್ಲಿನ ಗ್ಲಾಸ್ ಮನೆತನದವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಸೀಮೆಯ ರೈತರ ಯಂತ್ರಗಳನ್ನು ರಿಪೇರಿ ಮಾಡುತ್ತಾ ಶುರುಮಾಡಿದವರು. ೧೯೦೫ರ ಸುಮಾರಿಗೆ ತಮ್ಮದೇ ಬಿತ್ತನೆ ಯಂತ್ರ ಮಾಡಿ ಹೆಸರು ಪಡೆದರು. ನಮ್ಮ ಕಡೆಯ ಕೂರಿಗೆಯಲ್ಲಿ ಬಟ್ಟಲಿಗೆ ಬೀಜ ಬಿಡುವವರ ಕೈಯೇ ಎತ್ತಿನ ನಡಿಗೆಗೆ ಹೊಂದಿಕೊಂಡು ಲೆಕ್ಕ ಇಡುತ್ತದೆ. ಎತ್ತು ಬೇಗ ನಡೆದರೆ ಕೈ ಬೇಗ, ನಿಧಾನವಾದರೆ ಕೈ ನಿಧಾನ. ಬಿತ್ತನೆ ಯಂತ್ರದಲ್ಲಿ ಆ ಕೈಯ ಕೆಲಸವನ್ನು ನೆಲದ ಮೇಲೆ ಉರುಳುವ ಗಾಲಿ ಮಾಡುತ್ತದೆ. ಗಾಲಿ ಇಷ್ಟು ಉರುಳಿದರೆ ಬೀಜದ ಪೆಟ್ಟಿಗೆಯೊಳಗಿನ ಕಂಬಿ ಇಷ್ಟೇ ತಿರುಗಬೇಕು. ಗಾಲಿಗೂ ಕಂಬಿಗೂ ಹೆಜ್ಜೆ ತಪ್ಪಿದರೆ ಸಾಲಿನಲ್ಲಿ ಬೀಜ ತಪ್ಪುತ್ತದೆ. ಮೊಳಕೆ ಬಂದ ಮೇಲೆ ಊರಿಗೆಲ್ಲಾ ಕಾಣುತ್ತದೆ. ಒಂದು ಚಕ್ರದ ತಿರುಗನ್ನು ಇನ್ನೊಂದಕ್ಕೆ ಕಟ್ಟಿಹಾಕುವ ಈ ವಿದ್ಯೆ ಆ ಕಾರ್ಖಾನೆಯವರಿಗೆ ಐವತ್ತು ವರ್ಷ ಹಳೆಯದು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಮನೆತನದವರು ಇಟಲಿಯ ವೆರೋನಾ ನಗರದ ಕೃಷಿ ಯಂತ್ರಗಳ ಮೇಳಕ್ಕೆ ಹೋದಾಗ ಬೀದಿಯಲ್ಲಿ ಸ್ಕೂಟರುಗಳ ಓಡಾಟ ಕಂಡರಂತೆ. ೧೯೫೧ರಲ್ಲಿ ತಾವೂ ಸ್ಕೂಟರು ಮಾಡಲು ಹೊರಟರು. ೧೯೫೫ರಲ್ಲಿ ಗೊಗೊಮೊಬಿಲ್ ಎಂಬ ಪುಟ್ಟ ಕಾರು ಬಂತು. ಎರಡು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಆಮೇಲೆ ದೊಡ್ಡ ಎಂಜಿನಿಗೆ ಕೈಹಾಕಿದರು. ಕಾರ್ಖಾನೆಯ ಎಂಜಿನಿಯರ್ ಲಿಯೊನ್‌ಹಾರ್ಡ್ ಇಷಿಂಗರ್ ಅವರು ರೂಪಿಸಿದ ೯೯೨ ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ತಲೆಯ ಮೇಲಿನ ಕ್ಯಾಮನ್ನು ತಿರುಗಿಸುವುದಕ್ಕೆ ಚೈನಿನ ಬದಲು ಹಲ್ಲಿನ ಬೆಲ್ಟು. ೧೯೬೧ರಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ ತೋರಿಸಿ ೧೯೬೨ರಲ್ಲಿ ಮಾರಾಟಕ್ಕೆ ಬಿಟ್ಟ ಆ ಕಾರೇ ಗ್ಲಾಸ್ ೧೦೦೪. ಟೈಮಿಂಗ್ ಬೆಲ್ಟಿನೊಡನೆ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಕಾರು ಅದು.

ಆ ಮನೆತನದ ಕಾರಖಾನೆ ಬಹುಕಾಲ ನಿಲ್ಲಲಿಲ್ಲ. ೧೯೬೬ರಲ್ಲಿ ಬಿಎಂಡಬ್ಲ್ಯು ಕಂಪನಿ ಅದನ್ನು ಕೊಂಡುಕೊಂಡಿತು. ಆದರೆ ಅವರ ಬೆಲ್ಟು ನಿಂತಿತು. ಅದೇ ೧೯೬೬ರಲ್ಲಿ ಅಮೆರಿಕದ ಪಾಂಟಿಯಾಕ್ ಕಾರಿನ ಆರು ಸಿಲಿಂಡರಿನ ಎಂಜಿನಿಗೂ, ಇಟಲಿಯ ಫಿಯೆಟ್ಟಿನ ಎರಡು ಕ್ಯಾಮಿನ ಎಂಜಿನಿಗೂ ಬೆಲ್ಟು ಬಂತು. ೧೯೭೬ರಲ್ಲಿ ಫೋಕ್ಸ್‌ವಾಗನ್ ಗಾಲ್ಫ್ ಡೀಸೆಲ್ ಕಾರಿನಲ್ಲಿ ಒಂದೇ ಬೆಲ್ಟು ಕ್ಯಾಮನ್ನೂ ಡೀಸೆಲ್ ಚಿಮ್ಮಿಸುವ ಪಂಪನ್ನೂ ತಿರುಗಿಸಿತು.

ನಮ್ಮ ಹಳ್ಳಿಗಳಿಗೆ ಇದು ಮುಟ್ಟಿದ್ದು ೧೯೮೩ರ ಡಿಸೆಂಬರಿನ ನಂತರ. ಆ ತಿಂಗಳು ಮಾರುತಿ ೮೦೦ ಹೊರಬಂತು, ಮರುವರ್ಷ ಅದೇ ೭೯೬ ಸಿ.ಸಿ. ಎಂಜಿನಿನ ವ್ಯಾನು ಬಂತು. ಆಮೇಲೆ ಅದಕ್ಕೆ ಓಮ್ನಿ ಎಂದು ಹೆಸರಾಯಿತು. ಆ ಮೂರು ಸಿಲಿಂಡರಿನ ಎಂಜಿನಿನಲ್ಲಿ ಟೈಮಿಂಗ್ ಬೆಲ್ಟು. ೮೦೦ ಕಾರಿನ ತಯಾರಿಕೆ ೨೦೧೪ರಲ್ಲಿ, ಓಮ್ನಿಯದು ೨೦೧೯ರಲ್ಲಿ ನಿಂತರೂ ಆ ಗಾಡಿಗಳು ನಮ್ಮ ಊರುಗಳಲ್ಲಿ ಇನ್ನೂ ದುಡಿಯುತ್ತಿವೆ. ಹೊಸ ಎಂಜಿನುಗಳಲ್ಲಿ ಹಲವು ಮತ್ತೆ ಚೈನಿಗೆ ಹೋಗಿವೆ. ಆದ್ದರಿಂದ ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂದು ಮೊದಲು ಕೇಳಿ ತಿಳಿಯಿರಿ.

ಈ ಚರಿತ್ರೆಯಿಂದ ನಾವು ಹಿಡಿದುಕೊಳ್ಳಬೇಕಾದ ಒಂದು ಸಂಗತಿಯಿದೆ. ಗೇರು ಗಟ್ಟಿ, ಚೈನು ಕೂಗುತ್ತದೆ, ಬೆಲ್ಟು ಮಾತ್ರ ಮೂಗಿ. ಸವೆದರೂ ಹೇಳುವುದು ಕಡಿಮೆ, ಹಲ್ಲು ತಪ್ಪಿ ಕೂತರೂ ಹೇಳುವುದಿಲ್ಲ. ಗೇರಿನ ಕಾಲದ ಆ ಎರಡು ಚುಕ್ಕೆಗಳು ಮಾತ್ರ ಅದರ ಪರವಾಗಿ ಮಾತಾಡುತ್ತವೆ. ಗುರುತಿಗೆ ಗುರುತು ಕೂಡಿದೆಯೇ ಎಂದು ಕಣ್ಣಾರೆ ನೋಡುವುದೊಂದೇ ದಾರಿ.

ಒಂದು ಹಲ್ಲು ತಪ್ಪಿದರೆ ಏನು ಮಹಾ ಎನ್ನಬೇಡಿ. ಆಗ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ. ಕ್ರ್ಯಾಂಕಿನ ಚಕ್ರಕ್ಕೆ ೨೦ ಹಲ್ಲು ಇದ್ದರೆ ಒಂದು ಸುತ್ತಿನ ೩೬೦ ಡಿಗ್ರಿಯಲ್ಲಿ ಒಂದು ಹಲ್ಲಿಗೆ ೧೮ ಡಿಗ್ರಿ. ಬಾಗಿಲು ಅಷ್ಟು ತಡವಾಗಿ ಮುಚ್ಚಿದರೆ ಒತ್ತಬೇಕಾದ ಗಾಳಿಯಲ್ಲಿ ಒಂದು ಪಾಲು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಸಮ ರಸ್ತೆಯಲ್ಲಿ ಅದು ಗೊತ್ತಾಗದೆ ಇರಬಹುದು. ಏರಿನಲ್ಲಿ ಹೊರೆ ಬಿದ್ದು ಎಂಜಿನು ನಿಧಾನವಾದಾಗ ಪಿಕಪ್ ಸತ್ತುಹೋಗುತ್ತದೆ. ಭಾವನವರ ವ್ಯಾನಿಗೆ ಬಂದ ರೋಗ ಇದೇ. ಎರಡು ಮೂರು ಹಲ್ಲು ತಪ್ಪಿದರೆ ಸ್ಟಾರ್ಟೇ ಆಗದಿರಬಹುದು. ಕೆಲವು ಎಂಜಿನುಗಳಲ್ಲಿ ಮೇಲೆ ಬರುವ ಪಿಸ್ಟನ್ನು ತೆರೆದ ವಾಲ್ವಿಗೇ ಬಡಿದು ವಾಲ್ವು ಸೊಟ್ಟಗಾಗುತ್ತದೆ. ಡೀಸೆಲ್ ಎಂಜಿನುಗಳಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗವೇ ಕಡಿಮೆ, ಆದ್ದರಿಂದ ಅಲ್ಲಿ ಅಪಾಯ ಇನ್ನೂ ಹೆಚ್ಚು.

ಈಗ ಆ ವ್ಯಾನಿನ ಕಥೆಗೆ ಬರೋಣ. ಕೊನೆಗೆ ಭಾವನವರು ಊರ ಹತ್ತಿರದ ಹೋಬಳಿಯಲ್ಲಿದ್ದ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಕರೆತಂದರು. ಅವರು ಬಂದವರೇ ಕೇಳಿದ ಮೊದಲ ಮಾತು, 'ಕೊನೇಗೆ ಕೈಹಾಕಿದ್ದು ಎಲ್ಲಿಗೆ?' ಬಾಗಿಲಲ್ಲಿ ನಿಂತಿದ್ದ ಅಕ್ಕ, 'ಬೆಲ್ಟಿಗೆ' ಅಂದಳು. 'ಹಾಗಾದ್ರೆ ಅಲ್ಲಿಂದಲೇ ನೋಡೋಣಮ್ಮ' ಅಂದರು ಮೇಸ್ತ್ರಿ. ಅವರು ಮಾಡಿದ ಕೆಲಸವನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಅದನ್ನೇ ಕ್ರಮವಾಗಿ ಹೇಳುತ್ತೇನೆ.

ಮೊದಲು ಗಾಡಿಯನ್ನು ನ್ಯೂಟ್ರಲಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟರು. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿದರು. ಕೈ ಒಳಗಿರುವಾಗ ಯಾರೋ ಮಗು ಸೆಲ್ಫ್ ಹೊಡೆದರೆ ಬೆರಳು ಉಳಿಯುವುದಿಲ್ಲ. ಪ್ಲಗ್ಗುಗಳನ್ನು ತೆಗೆದರು. ಪ್ಲಗ್ಗು ತೆಗೆದರೆ ಒಳಗಿನ ಗಾಳಿಯ ಒತ್ತಡವಿಲ್ಲದೆ ಎಂಜಿನು ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ಬೆಲ್ಟಿನ ಮುಚ್ಚಳ ತೆಗೆದು, ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಕೊಟ್ಟು, ಎಂಜಿನು ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿದರು. ಹಿಂದಕ್ಕೆ ತಿರುಗಿಸಬಾರದು, ಕ್ಯಾಮಿನ ಬೋಲ್ಟು ಹಿಡಿದೂ ತಿರುಗಿಸಬಾರದು.

ಕ್ರ್ಯಾಂಕಿನ ಗುರುತು ತನ್ನ ಜಾಗಕ್ಕೆ ಬಂತು. ಆದರೆ ಕ್ಯಾಮಿನ ಗುರುತು ಪೂರ್ತಿ ಎದುರು ದಿಕ್ಕಿನಲ್ಲಿ! ನಾನು ಗಾಬರಿಯಾದೆ. ಮೇಸ್ತ್ರಿ ನಕ್ಕು, 'ಕೆಳಗಿಂದು ಎರಡು ಸುತ್ತು, ಮೇಲಿಂದು ಒಂದು ಸುತ್ತು. ಇನ್ನೊಂದು ಸುತ್ತು ಬರಲಿ ತಡೀರಿ' ಅಂದರು. ಇದು ಗೊತ್ತಿಲ್ಲದವರು ಇಲ್ಲೇ ಬೆಲ್ಟು ಬಿಚ್ಚಿ ಇಲ್ಲದ ತೊಂದರೆ ತಂದುಕೊಳ್ಳುತ್ತಾರೆ. ಇನ್ನೊಂದು ಸುತ್ತಿಗೆ ಕ್ರ್ಯಾಂಕಿನ ಗುರುತು ಸರಿಯಾಗಿ ನಿಂತಿತು, ಕ್ಯಾಮಿನ ಗುರುತು ಮಾತ್ರ ತನ್ನ ಎದುರಿನ ಗೆರೆಗಿಂತ ಸರಿಯಾಗಿ ಒಂದು ಹಲ್ಲು ಹಿಂದೆ. ಮೂರು ದಿನ ಕಾರ್ಬುರೇಟರು, ಪ್ಲಗ್ಗು, ಡಿಸ್ಟ್ರಿಬ್ಯೂಟರು ಎಂದು ಅಲೆದದ್ದಕ್ಕೆ ಕಾರಣ ಅಲ್ಲಿತ್ತು.

ಗುರುತು ಕೂಡಿಸಿ ಹಾಕಿದ ಬೆಲ್ಟು ಹೇಗೆ ತಪ್ಪುತ್ತದೆ? ಬೆಲ್ಟಿನ ಒಂದು ಮಗ್ಗುಲು ಕ್ರ್ಯಾಂಕು ಎಳೆಯುವ ಮಗ್ಗುಲು, ಇನ್ನೊಂದು ಬಿಗಿಮಾಡುವ ಉರುಳೆಯ, ಅಂದರೆ ಟೆನ್ಶನರಿನ ಮಗ್ಗುಲು. ಹಾಕುವಾಗ ಎಳೆಯುವ ಮಗ್ಗುಲನ್ನು ಬಿರುಸಾಗಿ ಹಿಡಿದು, ಇರುವ ಸಡಿಲವನ್ನೆಲ್ಲಾ ಟೆನ್ಶನರಿನ ಮಗ್ಗುಲಿಗೆ ಬಿಡಬೇಕು. ಅವಸರದಲ್ಲಿ ಎಳೆಯುವ ಮಗ್ಗುಲಲ್ಲೇ ಸಡಿಲ ಉಳಿದರೆ, ಟೆನ್ಶನರ್ ಬಿಗಿ ಮಾಡಿ ಎಂಜಿನು ತಿರುಗಿದ ಕೂಡಲೇ ಆ ಸಡಿಲ ಸರಿದು ಒಂದು ಹಲ್ಲಿನ ವ್ಯತ್ಯಾಸ ಬರುತ್ತದೆ. ಗ್ಯಾರೇಜಿನವರು ಗುರುತು ನೋಡಿಯೇ ಹಾಕಿರಬಹುದು. ಹಾಕಿದ ಮೇಲೆ ತಿರುಗಿಸಿ ಇನ್ನೊಂದು ಸಲ ನೋಡಲಿಲ್ಲ, ಅಷ್ಟೇ.

ಮೇಸ್ತ್ರಿ ಬೆಲ್ಟು ಸರಿಯಾಗಿ ಕೂರಿಸಿ, ಪಾನಾದಿಂದ ಎಂಜಿನನ್ನು ಪೂರ್ತಿ ಎರಡು ಸುತ್ತು ತಿರುಗಿಸಿದರು. ಎರಡೂ ಗುರುತು ಮತ್ತೆ ತಂತಮ್ಮ ಗೆರೆಗೆ ಬಂದು ನಿಂತವು. ಈ ಎರಡು ಸುತ್ತನ್ನು ಸೆಲ್ಫಿನಿಂದ ಹೊಡೆಸಬಾರದು, ಕೈಯಿಂದಲೇ ಆಗಬೇಕು. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ಪಿಸ್ಟನ್ನು ವಾಲ್ವಿಗೆ ತಗುಲಿರಬಹುದು. ಅಲ್ಲೇ ನಿಲ್ಲಿಸಿ ಕಾರಣ ಹುಡುಕಬೇಕು. ಹೊಸ ಬೆಲ್ಟಿನ ಬೆನ್ನಿನ ಮೇಲೆ ಬಣ್ಣದ ಗೆರೆಗಳಿದ್ದರೆ ಅವು ಎರಡು ಸುತ್ತಿನ ನಂತರ ಚಕ್ರದ ಗುರುತಿಗೆ ಕೂಡದೆ ಇರಬಹುದು. ಅದು ತಪ್ಪಲ್ಲ. ಆ ಗೆರೆ ಹಾಕುವ ಹೊತ್ತಿಗೆ ಮಾತ್ರ. ಆಮೇಲೆ ನೋಡಬೇಕಾದ್ದು ಚಕ್ರದ ಗುರುತನ್ನು.

ಇನ್ನು ಕೆಲವು ಎಚ್ಚರಿಕೆಯ ಮಾತು. ಕೆಲವು ಚಕ್ರಗಳ ಮೇಲೆ ಒಂದಲ್ಲ, ಎರಡು ಮೂರು ಗುರುತುಗಳಿರುತ್ತವೆ. ಯಾವುದು ನಿಮ್ಮ ಎಂಜಿನಿನದು ಎಂಬುದನ್ನು ಆ ಗಾಡಿಯ ಪುಸ್ತಕದಲ್ಲಿ ನೋಡಿಯೇ ತೀರ್ಮಾನಿಸಬೇಕು, ಊಹೆ ಸಲ್ಲದು. ಗುರುತುಗಳು ಸರಿಯಾಗಿ ಕೂಡಿದ್ದರೂ ರೋಗ ಹಾಗೇ ಇದ್ದರೆ ಕ್ರ್ಯಾಂಕಿನ ಚಕ್ರವನ್ನು ಶಾಫ್ಟಿಗೆ ಹಿಡಿದಿಡುವ ಸಣ್ಣ ಬೆಣೆ ಸವೆದಿರಬಹುದು. ಆಗ ಚಕ್ರ ಒಂದು ಕಡೆ, ಶಾಫ್ಟು ಒಂದು ಕಡೆ. ಗುರುತೇ ಸುಳ್ಳು ಹೇಳುತ್ತದೆ. ಹೊರಗಿನ ಪುಲ್ಲಿಯಲ್ಲಿ ರಬ್ಬರಿನ ಪದರ ಇದ್ದರೆ ಅದು ಜಾರಿ ಅಲ್ಲಿನ ಗುರುತೂ ಮೋಸ ಮಾಡಬಹುದು. ಇಂಥ ಹೊತ್ತಿನಲ್ಲಿ ಅನುಭವಸ್ಥರು ಮೊದಲನೆಯ ಸಿಲಿಂಡರಿನ ಪ್ಲಗ್ಗಿನ ತೂತಿನಲ್ಲಿ ಉದ್ದನೆಯ ಮೆದು ಪ್ಲಾಸ್ಟಿಕ್ ಕೊಳವೆ ಇಳಿಸಿ, ಪಿಸ್ಟನ್ನು ನಿಜವಾಗಿ ಮೇಲಕ್ಕೆ ಬಂದಿದೆಯೇ ಎಂದು ನೋಡಿಕೊಳ್ಳುತ್ತಾರೆ. ಬೆಲ್ಟು ಸರಿಯಾದ ಮೇಲೆ ಡಿಸ್ಟ್ರಿಬ್ಯೂಟರನ್ನೂ ಅದರ ಅಳತೆಗೆ ಮತ್ತೆ ತರಬೇಕು. ಬೆಲ್ಟಿನ ತಪ್ಪನ್ನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಮುಚ್ಚುವುದು ಹುಣ್ಣಿಗೆ ಮದ್ದು ಹಾಕದೆ ಬಟ್ಟೆ ಸುತ್ತಿದ ಹಾಗೆ.

ಗುರುತಿನ ನೇರ ಒಂದು, ಬೆಲ್ಟು ಓಡುವ ದಾರಿಯ ನೇರ ಇನ್ನೊಂದು. ಚಕ್ರಗಳೂ ಟೆನ್ಶನರೂ ಒಂದೇ ಸಾಲಿನಲ್ಲಿರಬೇಕು. ಟೆನ್ಶನರ್ ವಾಲಿದ್ದರೆ ಅಥವಾ ಅದರ ಬೇರಿಂಗು ಸವೆದಿದ್ದರೆ ಬೆಲ್ಟು ಒಂದು ಅಂಚಿಗೆ ಸರಿಯುತ್ತದೆ, ಅಂಚು ನೂಲುನೂಲಾಗುತ್ತದೆ, ಮುಚ್ಚಳದೊಳಗೆ ಕಪ್ಪು ರಬ್ಬರಿನ ಪುಡಿ ಬಿದ್ದಿರುತ್ತದೆ. ಬರೀ ಬೆಲ್ಟು ಬದಲಾಯಿಸಿದರೆ ಹೊಸದೂ ಹಾಗೇ ಹಾಳಾಗುತ್ತದೆ. ಆಯಿಲ್ ಸೀಲು ಸೋರಿ ಬೆಲ್ಟಿಗೆ ಎಣ್ಣೆ ತಾಗಿದರೂ ರಬ್ಬರು ಕೆಡುತ್ತದೆ. ಮೊದಲು ಸೋರಿಕೆ ನಿಲ್ಲಿಸಬೇಕು. ಕೆಲವು ಎಂಜಿನುಗಳಲ್ಲಿ ನೀರಿನ ಪಂಪನ್ನೂ ಇದೇ ಬೆಲ್ಟು ತಿರುಗಿಸುತ್ತದೆ. ಅಲ್ಲಿ ಪಂಪಿನ ಸೋರಿಕೆಯನ್ನೂ ನೋಡಿಸಿ.

ಬೆಲ್ಟು ಬಹಳ ಬಿಗಿಯಾದರೆ ಬೇರಿಂಗಿಗೆ ಕೇಡು, ಬಹಳ ಸಡಿಲವಾದರೆ ಹಲ್ಲು ಹಾರುತ್ತದೆ. ಅಳತೆ ಒಂದೊಂದು ಎಂಜಿನಿಗೆ ಒಂದೊಂದು, ಅದಕ್ಕೂ ಪುಸ್ತಕವೇ ಪ್ರಮಾಣ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ೬೦ ಸಾವಿರದಿಂದ ಒಂದು ಲಕ್ಷ ಕಿಲೋಮೀಟರಿನೊಳಗೆ ಬದಲಾಯಿಸಲು ಹೇಳಿರುತ್ತಾರೆ. ಆದರೆ ನಮ್ಮ ಗಾಡಿಗಳು ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಆದ್ದರಿಂದ ವರ್ಷದ ಲೆಕ್ಕವನ್ನೂ ಇಡಿ. ಹಾಕಿಸಿದ ತಾರೀಖು, ಮೀಟರಿನ ಓಟ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಗಾಡಿಯಲ್ಲೇ ಅಂಟಿಸಿ. ದಾರಿಯಲ್ಲಿ ಬೆಲ್ಟು ತುಂಡಾಗಿ ಗಾಡಿ ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡಲೂ ನೋಡಬೇಡಿ. ಉಳಿದಿರಬಹುದಾದ ವಾಲ್ವುಗಳನ್ನೂ ನೀವೇ ಕೆಡಿಸಿಕೊಂಡಂತಾಗುತ್ತದೆ.

ಇಷ್ಟು ಹೇಳಿದೆನೆಂದು ನಾಳೆಯೇ ಪಾನಾ ಹಿಡಿದು ಬೆಲ್ಟು ಬಿಚ್ಚಲು ಹೊರಡಬೇಡಿ. ಕೈಪಳಗಿದವರೇ ಮಾಡಲಿ. ನಿಮ್ಮ ಕೆಲಸ ಪಕ್ಕದಲ್ಲಿ ನಿಲ್ಲುವುದು. ಬೆಲ್ಟು ಹಾಕಿದ ಮೇಲೆ, ಸ್ಟಾರ್ಟ್ ಮಾಡುವ ಮುಂಚೆ, 'ಕೈಯಲ್ಲಿ ಎರಡು ಸುತ್ತು ತಿರುಗಿಸಿ ಗುರುತು ತೋರಿಸಪ್ಪಾ' ಎಂದು ಕೇಳಿ. ಒಳ್ಳೆಯ ಮೇಸ್ತ್ರಿಗೆ ಇದರಿಂದ ಬೇಸರವಾಗುವುದಿಲ್ಲ. ತೋರಿಸಲು ಹಿಂಜರಿಯುವವರ ಹತ್ತಿರ ಗಾಡಿ ಬಿಡಬೇಡಿ. ಗಾಡಿ ಕೆಟ್ಟಾಗ, ಹೊಸ ಸಾಮಾನು ಕೊಳ್ಳುವ ಮುಂಚೆ, ಕೊನೆಗೆ ಕೈಹಾಕಿದ್ದು ಎಲ್ಲಿಗೆ ಎಂದು ಯೋಚಿಸಿ.

ಭಾವನವರ ವ್ಯಾನು ಆ ಸಂಜೆ ಕೆರೆ ಏರಿಯನ್ನು ನಿಲ್ಲದೆ ಹತ್ತಿತು. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ. ಮೇಸ್ತ್ರಿಗೆ ಕಾಫಿ ಕೊಡುತ್ತಾ ಅಕ್ಕ ತನ್ನ ಹೊಲಿಗೆ ಯಂತ್ರವನ್ನು ತೋರಿಸಿ, 'ಇದರಲ್ಲೂ ಹಿಂಗೇ ಅಲ್ವಾ? ಸೂಜಿ ಮುರಿದು ಹೊಸದು ಹಾಕಿದ ಮೇಲೆ ಒಂದು ಸಲ ಕೈಯಲ್ಲೇ ಚಕ್ರ ತಿರುಗಿಸಿ ನೋಡ್ತೀನಿ, ಆಮೇಲೆ ತುಳಿಯೋದು' ಅಂದಳು. ಮೇಸ್ತ್ರಿ 'ಅಷ್ಟೇ ತಾಯಿ, ಅಷ್ಟು ಮಾಡಿದ್ರೆ ಸಾಕು' ಅಂದರು. ಭಾವನವರು ಮಾತಾಡದೆ ಕಾಫಿ ಕುಡಿದರು. ಅಂದಿನಿಂದ ಆ ಮನೆಯಲ್ಲಿ ಗಾಡಿ ರಿಪೇರಿಗೆ ಹೋದಾಗಲೆಲ್ಲಾ ಅಕ್ಕನೂ ಜೊತೆಗೆ ಹೋಗುತ್ತಾಳೆ.